ಕೋಬಿಟ್ಟೋ ಅಜೈಲೋ, ಕೊಳ್ಳುವುದೋ ಕಟ್ಟುವುದೋ: ಸಂಸ್ಥೆಯ ಐಟಿಗೆ ದಾರಿ ಆರಿಸುವ ಮುನ್ನ

ಒಂದು ಸಂಸ್ಥೆಯ ಸಭೆ. ಮೇಜಿನ ಸುತ್ತ ಮೂರು ವಿಭಾಗದವರು, ಮೂವರ ಮುಂದೆಯೂ ಒಂದೊಂದು ಎಕ್ಸೆಲ್ ಶೀಟ್. ಪ್ರಶ್ನೆ ಒಂದೇ: ನಮಗೆ ಒಟ್ಟು ಎಷ್ಟು ಗ್ರಾಹಕರಿದ್ದಾರೆ? ಮಾರಾಟದವರ ಪ್ರಕಾರ ಒಮ್ಮೆ ಬಂದು ವಿಚಾರಿಸಿ ಹೋದವರೂ ಗ್ರಾಹಕರೇ. ಲೆಕ್ಕಪತ್ರದವರಿಗೆ ಬಿಲ್ ಆದವರಷ್ಟೇ ಗ್ರಾಹಕರು. ಸೇವಾ ವಿಭಾಗದವರು ಒಂದೇ ಕಂಪನಿಯ ನಾಲ್ಕು ಶಾಖೆಗಳನ್ನು ನಾಲ್ಕು ಗ್ರಾಹಕರೆಂದು ಎಣಿಸಿದ್ದರು. ಅವರವರ ಕೆಲಸಕ್ಕೆ ಅವರವರ ಲೆಕ್ಕ ಸರಿಯೇ. ಆದರೆ ಆ ಮೂರು ಲೆಕ್ಕಕ್ಕೆ ಮೂರು ಸಾಫ್ಟ್‌ವೇರ್ ಬಂದು ಕೂತಿದ್ದವು, ಅವನ್ನು ಒಂದಕ್ಕೊಂದು ಹೊಂದಿಸಲು ನಾಲ್ಕನೆಯದನ್ನು ಕೊಳ್ಳುವ ಮಾತು ನಡೆದಿತ್ತು. ಅಷ್ಟರಲ್ಲಿ ಒಬ್ಬರು, ‘ನಾವು ಕೋಬಿಟ್ ತಂದರೆ ಹೇಗೆ?’ ಎಂದರು; ಐಟಿಯ ಹೊಣೆ, ನಿಯಂತ್ರಣಗಳನ್ನು ಗೊತ್ತುಮಾಡುವ ಒಂದು ಚೌಕಟ್ಟು ಅದು. ಇನ್ನೊಬ್ಬರು, ‘ಬೇಡ, ಅಜೈಲ್‌ಗೆ ಹೋಗೋಣ’ ಎಂದರು; ಅದು ಸಾಫ್ಟ್‌ವೇರನ್ನು ಚಿಕ್ಕಚಿಕ್ಕ ಸುತ್ತುಗಳಲ್ಲಿ ಕಟ್ಟುವ ಕ್ರಮ. ‘ಗ್ರಾಹಕ’ ಅಂದರೆ ಯಾರು ಎಂದು ಕೊನೆಯ ಮಾತು ಹೇಳುವ ಅಧಿಕಾರ ಈ ಸಂಸ್ಥೆಯಲ್ಲಿ ಯಾರಿಗಿದೆ ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ.

ಐಟಿ ಆಡಳಿತದ ಆಯ್ಕೆಗಳ ಬಗ್ಗೆ ಯಾರು ಕೇಳಿದರೂ ನಾನು ಎರಡು ಪ್ರಶ್ನೆಗಳಿಂದ ಶುರು ಮಾಡುತ್ತೇನೆ. ಈ ತೀರ್ಮಾನ ಯಾರದು? ತಪ್ಪಾದರೆ ಹಿಂದಕ್ಕೆ ಬರುವುದು ಎಷ್ಟು ಕಷ್ಟ? ಕೆಳಗಿನ ಹೋಲಿಕೆಗಳೆಲ್ಲ ಈ ಎರಡರ ಸುತ್ತಲೇ ಇವೆ. ‘ನಮ್ಮ ಸಂಸ್ಥೆಗೆ ಯಾವುದು ಒಳ್ಳೆಯದು’ ಎಂದು ಇಡಿಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೇ ಸಂಸ್ಥೆಯೊಳಗೆ ಸಂಬಳದ ಸಿಸ್ಟಮ್‌ಗೆ ಒಂದು ದಾರಿ ಸರಿ, ಮೊಬೈಲ್ ಆ್ಯಪ್‌ಗೆ ಇನ್ನೊಂದು ಸರಿ.

ಅಧಿಕಾರ ಕೇಂದ್ರದಲ್ಲಿರಬೇಕೋ, ವಿಭಾಗಗಳಲ್ಲೋ?

ಎಲ್ಲ ಐಟಿಯನ್ನೂ ಒಂದೇ ಕೇಂದ್ರ ವಿಭಾಗದ ಕೈಗೆ ಕೊಟ್ಟರೆ ಸಿಗುವ ಲಾಭ ಕಣ್ಣಿಗೆ ಕಾಣುವಂಥದ್ದು. ಡೇಟಾ ಒಂದೇ ಕಡೆ ಇರುತ್ತದೆ, ಭದ್ರತೆಯ ನಿಯಮ ಎಲ್ಲರಿಗೂ ಒಂದೇ ಆಗುತ್ತದೆ, ಲೈಸೆನ್ಸ್ ಕೊಳ್ಳುವಾಗ ಒಟ್ಟಿಗೆ ಚೌಕಾಸಿ ಮಾಡಬಹುದು. ನಷ್ಟ ಅಂದರೆ ಸರದಿಯ ಸಾಲು. ಒಂದು ರಿಪೋರ್ಟ್‌ಗೆ ಅರ್ಜಿ ಹಾಕಿ ಆರು ತಿಂಗಳು ಕಾದ ವಿಭಾಗ ಏಳನೇ ತಿಂಗಳು ತನ್ನದೇ ಬಜೆಟ್‌ನಲ್ಲಿ ಯಾವುದೋ ಆನ್‌ಲೈನ್ ಸೇವೆಗೆ ಚಂದಾ ಕಟ್ಟುತ್ತದೆ. ಇದನ್ನೇ ಶ್ಯಾಡೋ ಐಟಿ ಅನ್ನುತ್ತಾರೆ. ಬರೀ ನಿಷೇಧದಿಂದ ಇದನ್ನು ನಿಲ್ಲಿಸಿದವರನ್ನು ನಾನು ಕಂಡಿಲ್ಲ. ಕೇಂದ್ರದ ಸಾಲು ಎಷ್ಟು ಉದ್ದ ಬೆಳೆದಿದೆ ಎಂದು ತೋರಿಸುವ ಅಳತೆಗೋಲು ಅದು, ಹಾಗೆಂದೇ ಅದನ್ನು ಓದಬೇಕು.

ವಿಭಾಗಗಳಿಗೇ ಬಿಟ್ಟುಕೊಟ್ಟರೆ ವೇಗ ಬರುತ್ತದೆ. ಅದರ ಬೆಲೆಯನ್ನು ತಿಂಗಳ ಕೊನೆಗೆ ನೋಡಬೇಕು. ನಾನು ಕೆಲಸ ಮಾಡಿದ ಒಂದು ಕಡೆ ಹಾಜರಾತಿ ಸಿಸ್ಟಮ್‌ನಲ್ಲಿ ನೌಕರರ ಸಂಖ್ಯೆ ಐದು ಅಂಕಿಯದು, ಸಂಬಳದ ಸಿಸ್ಟಮ್‌ನಲ್ಲಿ ಅದೇ ಸಂಖ್ಯೆಯ ಮುಂದೆ ಎರಡು ಸೊನ್ನೆ. ಪ್ರತಿ ತಿಂಗಳ ಕೊನೆಯ ಎರಡು ದಿನ ಒಬ್ಬ ಹೆಣ್ಣುಮಗಳು ಎರಡೂ ಪಟ್ಟಿಗಳನ್ನು ಎಕ್ಸೆಲ್‌ಗೆ ಇಳಿಸಿ, ಆ ಸೊನ್ನೆಗಳನ್ನು ತೆಗೆದು, ಎರಡು ಪಟ್ಟಿ ಹೊಂದಿಸುವ ವಿ-ಲುಕಪ್ ಸೂತ್ರ ಹಾಕಿ, ಹೊಂದದ ಸಾಲುಗಳಿಗೆ ಹಳದಿ ಬಣ್ಣ ಬಳಿದು, ಒಂದೊಂದಕ್ಕೂ ಫೋನ್ ಮಾಡುತ್ತಿದ್ದರು. ಆ ದುಡಿಮೆ ಯಾವ ಐಟಿ ಬಜೆಟ್‌ನಲ್ಲೂ ಕಾಣುವುದಿಲ್ಲ. ಕೆಲಸ ಬಿಟ್ಟುಹೋದವರ ಖಾತೆ ಒಂದು ಸಿಸ್ಟಮ್‌ನಲ್ಲಿ ಮುಚ್ಚಿ ಇನ್ನೊಂದರಲ್ಲಿ ತೆರೆದೇ ಉಳಿದರೆ ಅದು ಭದ್ರತೆಯ ತೂತು. ಅದೂ ಯಾವ ಲೆಕ್ಕದಲ್ಲೂ ಇರುವುದಿಲ್ಲ. ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ಕಟ್ಟುವ ಸಿಸ್ಟಮ್ ಕೂಡ ಅದೇ ಆಕಾರ ತಳೆಯುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಮಾತು ಬಿಟ್ಟ ಎರಡು ವಿಭಾಗಗಳ ಸಾಫ್ಟ್‌ವೇರ್‌ಗಳೂ ಮಾತು ಬಿಟ್ಟಿರುತ್ತವೆ.

ಹೀಗಾಗಿ ಬಹಳಷ್ಟು ಸಂಸ್ಥೆಗಳು ಕೊನೆಗೆ ಬಂದು ನಿಲ್ಲುವುದು ಮಿಶ್ರ ಮಾದರಿಯಲ್ಲಿ: ಕೆಲವು ತೀರ್ಮಾನ ಕೇಂದ್ರದ್ದು, ಕೆಲವು ವಿಭಾಗಗಳದ್ದು. ಇಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪೀಟರ್ ವೀಲ್ ಮತ್ತು ಜೀನ್ ರಾಸ್ 2004ರಲ್ಲಿ ಮುಂದಿಟ್ಟ ವಿಂಗಡಣೆ. ಐಟಿಯ ತೀರ್ಮಾನಗಳನ್ನು ಅವರು ಐದಾಗಿ ಒಡೆದರು: ಐಟಿ ನಮಗೆ ಯಾತಕ್ಕೆ ಎಂಬ ಮೂಲ ತತ್ವ, ಸಿಸ್ಟಮ್‌ಗಳ ಒಟ್ಟು ನಕ್ಷೆ, ಎಲ್ಲರೂ ಹಂಚಿಕೊಳ್ಳುವ ಮೂಲಸೌಕರ್ಯ, ಯಾವ ಅಪ್ಲಿಕೇಶನ್ ಬೇಕು ಎಂಬ ವ್ಯವಹಾರದ ಅಗತ್ಯ, ಮತ್ತು ಹಣ ಎಲ್ಲಿ ಹಾಕಬೇಕು ಎಂಬ ಆದ್ಯತೆ. ನನ್ನ ಅನುಭವದಲ್ಲಿ ನಕ್ಷೆ, ಮೂಲಸೌಕರ್ಯ, ಭದ್ರತೆ, ಮಾಸ್ಟರ್ ಡೇಟಾ (ಎಲ್ಲ ಸಿಸ್ಟಮ್‌ಗಳೂ ನೆಚ್ಚಿಕೊಳ್ಳುವ ಗ್ರಾಹಕರ, ನೌಕರರ ಮೂಲ ಪಟ್ಟಿಗಳು) ಇವು ಕೇಂದ್ರದಲ್ಲೇ ಇರಬೇಕು, ಏಕೆಂದರೆ ಇವನ್ನು ಆಮೇಲೆ ಬದಲಿಸುವುದು ತೀರಾ ಕಷ್ಟ. ಅಪ್ಲಿಕೇಶನ್‌ನ ಅಗತ್ಯವನ್ನು ವಿಭಾಗವೇ ಹೇಳಬೇಕು, ಅದನ್ನು ಬಳಸುವವರು ಅವರೇ. ಹಣದ ಆದ್ಯತೆಯನ್ನು ಮಾತ್ರ ಇಬ್ಬರೂ ಒಂದೇ ಮೇಜಿಗೆ ಕೂತು ನಿರ್ಧರಿಸಬೇಕು. ಬಹುತೇಕ ಕಡೆ ಯಾರ ಕೈಗೂ ಸಿಗದೆ ತೇಲುತ್ತಿರುವುದು ಈ ಐದನೆಯದೇ. ಜೋರಾಗಿ ಮಾತಾಡಿದ ವಿಭಾಗದ ಪ್ರಾಜೆಕ್ಟ್ ಮೊದಲು ನಡೆಯುತ್ತದೆ.

ಒಂದೇ ಬಗೆಯ ವ್ಯವಹಾರದ ಚಿಕ್ಕ ಸಂಸ್ಥೆಗೆ ಕೇಂದ್ರೀಕೃತ ಮಾದರಿ ಸಾಕು. ಒಂದಕ್ಕೊಂದು ಸಂಬಂಧವಿಲ್ಲದ ವ್ಯವಹಾರಗಳು ಒಂದೇ ಸೂರಿನಡಿ ಇದ್ದರೆ ಬಿಡಿಬಿಡಿಯಾಗಿ ಬಿಟ್ಟರೂ ನಡೆಯುತ್ತದೆ. ಉಳಿದವರಿಗೆ ಮಿಶ್ರ ಮಾದರಿ, ಆದರೆ ಯಾವ ತೀರ್ಮಾನ ಯಾರದು ಎಂಬುದು ಬರವಣಿಗೆಯಲ್ಲಿ ಇರಲೇಬೇಕು. ಇದಕ್ಕೆಂದೇ ರಾಸಿ ಎಂಬ ಕೋಷ್ಟಕ ಬಳಕೆಯಲ್ಲಿದೆ: ಕೆಲಸ ಮಾಡುವವರು, ಹೊಣೆ ಹೊರುವವರು, ಸಲಹೆ ಕೊಡುವವರು, ತಿಳಿಸಬೇಕಾದವರು. ಯಾರಾದರೂ ಅಂಥ ಕೋಷ್ಟಕ ಕೈಗೆ ಕೊಟ್ಟರೆ ನಾನು ಮೊದಲು ‘ಹೊಣೆ’ಯ ಗುರುತು ಪ್ರತಿ ಸಾಲಿನಲ್ಲಿ ಎಷ್ಟಿದೆ ಎಂದು ಎಣಿಸುತ್ತೇನೆ. ಒಂದಕ್ಕಿಂತ ಹೆಚ್ಚಿದ್ದರೆ ಆ ಕೆಲಸಕ್ಕೆ ಹೊಣೆಗಾರರೇ ಇಲ್ಲ ಎಂದು ಅರ್ಥ.

ನಾಲ್ಕು ಚೌಕಟ್ಟುಗಳು, ಒಂದೇ ಘಟನೆ

ಹೊಣೆ ಮತ್ತು ನಿಯಂತ್ರಣಕ್ಕೆ ಕೋಬಿಟ್, ಸೇವೆ ನಡೆಸಲು ಐಟಿಐಎಲ್, ನಿರ್ದೇಶಕ ಮಂಡಳಿಗೆ ಐಎಸ್ಒ/ಐಇಸಿ 38500 ಎಂಬ ಮಾನದಂಡ, ಸಿಸ್ಟಮ್‌ಗಳ ನಕ್ಷೆಗೆ ಟೋಗಾಫ್. ಈ ನಾಲ್ಕನ್ನು ಒಂದೇ ಅಂಗಡಿಯ ನಾಲ್ಕು ಬ್ರ್ಯಾಂಡ್‌ಗಳಂತೆ ಪಕ್ಕಪಕ್ಕ ಇಟ್ಟು ಹೋಲಿಸುವುದು ಎಲ್ಲೆಡೆ ಕಾಣುವ ತಪ್ಪು. ಇವು ಒಂದೇ ಕೆಲಸ ಮಾಡುವುದಿಲ್ಲ. ಇದನ್ನು ನೋಡಲು ಒಂದು ಘಟನೆ ಇಟ್ಟುಕೊಳ್ಳೋಣ: ಸಂಬಳದ ದಿನ ಬೆಳಿಗ್ಗೆ ಪೇರೋಲ್ ಸಿಸ್ಟಮ್ ನಿಂತುಹೋಗಿದೆ.

ಐಟಿಐಎಲ್ ಪ್ರಕಾರ ಮೊದಲ ಕೆಲಸ ಸೇವೆಯನ್ನು ಮತ್ತೆ ಎತ್ತಿ ನಿಲ್ಲಿಸುವುದು. ಕಾರಣ ಹುಡುಕುವುದು ಆಮೇಲೆ. ಮೊದಲನೆಯದನ್ನು ಅದು ಇನ್ಸಿಡೆಂಟ್ ಎಂದೂ ಎರಡನೆಯದನ್ನು ಪ್ರಾಬ್ಲಮ್ ಎಂದೂ ಬೇರೆ ಮಾಡುತ್ತದೆ. ಈ ಒಂದು ವಿಂಗಡಣೆಯನ್ನು ಕಲಿತರೂ ಸಾಕು, ಅರ್ಧ ಗದ್ದಲ ಕಡಿಮೆಯಾಗುತ್ತದೆ. ಕೋಬಿಟ್ ಆ ಬೆಳಿಗ್ಗೆಯ ಗಡಿಬಿಡಿಗೆ ಇಳಿಯುವುದಿಲ್ಲ. ಸೇವೆ ನಿಂತರೆ ಮುಂದುವರಿಸುವ ಯೋಜನೆ ಇತ್ತೇ, ಅದಕ್ಕೆ ಹೊಣೆಗಾರರು ಯಾರು, ಅದನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದ್ದು ಎಂದು ಕೇಳುತ್ತದೆ. 38500 ಇನ್ನೂ ಮೇಲೆ ನಿಂತು ನಿರ್ದೇಶಕ ಮಂಡಳಿಯನ್ನೇ ಪ್ರಶ್ನಿಸುತ್ತದೆ: ಇಂಥ ಅಪಾಯವನ್ನು ನೀವು ಅಳೆದಿರಾ, ದಿಕ್ಕು ತೋರಿಸಿದಿರಾ, ಆಮೇಲೆ ಗಮನಿಸಿದಿರಾ? ಟೋಗಾಫ್ ನಕ್ಷೆ ಬಿಡಿಸಿ, ಸಂಬಳದ ಸಿಸ್ಟಮ್ ಆ ಹಳೆಯ ಡೇಟಾಬೇಸ್‌ಗೆ ಯಾಕೆ ಜೋತುಬಿದ್ದಿದೆ, ಇಲ್ಲಿಂದ ನಾವು ಮುಟ್ಟಬೇಕಾದ ಸ್ಥಿತಿಗೆ ಯಾವ ಹಂತಗಳಲ್ಲಿ ಹೋಗಬೇಕು ಎಂದು ಕೇಳುತ್ತದೆ.

ಹುಟ್ಟು ನೋಡಿದರೂ ಈ ವ್ಯತ್ಯಾಸ ತಿಳಿಯುತ್ತದೆ. ಐಟಿಐಎಲ್ 1980ರ ದಶಕದ ಕೊನೆಯಲ್ಲಿ ಬ್ರಿಟನ್ ಸರ್ಕಾರದೊಳಗೆ, ಐಟಿ ಸೇವೆಗಳನ್ನು ನಡೆಸುವ ಕ್ರಮವಾಗಿ ಬೆಳೆಯಿತು. ಕೋಬಿಟ್ 1996ರಲ್ಲಿ ಐಸಾಕಾ ಎಂಬ ಐಟಿ ಲೆಕ್ಕಪರಿಶೋಧಕರ ಸಂಘಟನೆಯಿಂದ ಬಂತು. ಇವತ್ತಿಗೂ ಅದರ ದನಿಯಲ್ಲಿ ಆಡಿಟರ್ ಇದ್ದಾರೆ. 38500 ಆಸ್ಟ್ರೇಲಿಯಾದ 2005ರ ಒಂದು ಮಾನದಂಡದಿಂದ ಬೆಳೆದು 2008ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಟೋಗಾಫ್‌ನ ಬೇರು ಅಮೆರಿಕದ ರಕ್ಷಣಾ ಇಲಾಖೆಯ ಕೆಲಸದಲ್ಲಿದೆ, ಮೊದಲ ಆವೃತ್ತಿ 1995ರದು.

ಹಾಗಾದರೆ ಯಾವುದರಿಂದ ಶುರು ಮಾಡುವುದು? ನೋವು ಎಲ್ಲಿದೆಯೋ ಅಲ್ಲಿಂದ. ಬಳಕೆದಾರರ ದೂರು ನಿಲ್ಲುತ್ತಿಲ್ಲ ಎಂದರೆ ಐಟಿಐಎಲ್‌ನಿಂದ ಇನ್ಸಿಡೆಂಟ್, ಪ್ರಾಬ್ಲಮ್, ಬದಲಾವಣೆ ನಿಯಂತ್ರಣ ಈ ಮೂರನ್ನಷ್ಟೇ ತೆಗೆದುಕೊಳ್ಳಿ. ಆಡಿಟ್‌ನಲ್ಲಿ ಅದೇ ಆಕ್ಷೇಪ ವರ್ಷವರ್ಷವೂ ಬರುತ್ತಿದ್ದರೆ ಕೋಬಿಟ್. ಮಂಡಳಿಯವರಿಗೆ ಐಟಿ ಅಂದರೆ ವರ್ಷಕ್ಕೊಮ್ಮೆ ಸಹಿ ಹಾಕುವ ಖರ್ಚು ಎಂಬಂತಾಗಿದ್ದರೆ 38500. ಅದು ಗಾತ್ರದಲ್ಲಿ ಚಿಕ್ಕದು, ಮಂಡಳಿಯವರು ನಿಜಕ್ಕೂ ಓದಬಹುದು. ಒಂದೇ ಕೆಲಸಕ್ಕೆ ನಾಲ್ಕು ಸಿಸ್ಟಮ್ ಬೆಳೆದಿದ್ದರೆ ಟೋಗಾಫ್‌ನ ನಕ್ಷೆ ಬಿಡಿಸುವ ಭಾಗ.

ಯಾವುದನ್ನೂ ಇಡಿಯಾಗಿ ತರಬೇಡಿ. ‘ಕೋಬಿಟ್ 2019’ ಎಂಬ ಆವೃತ್ತಿಯಲ್ಲಿ 40 ಗುರಿಗಳಿವೆ, ‘ಐಟಿಐಎಲ್ 4’ ಆವೃತ್ತಿಯಲ್ಲಿ 34 ಕಾರ್ಯಪದ್ಧತಿಗಳಿವೆ. ಎಲ್ಲವನ್ನೂ ಒಟ್ಟಿಗೆ ಜಾರಿಗೆ ತರಲು ಹೊರಟ ಕಡೆ ಒಂದು ವರ್ಷದ ನಂತರ ಫೈಲುಗಳು ತುಂಬಿರುತ್ತವೆ, ಕೆಲಸದ ರೀತಿ ಹಾಗೆಯೇ ಇರುತ್ತದೆ. ಸಂಸ್ಥೆಯ ಗಾತ್ರ, ಅಪಾಯ, ತಂತ್ರ ಮುಂತಾದ 11 ಅಂಶಗಳನ್ನು ನೋಡಿ ನಿಮಗೆ ಬೇಕಾದ್ದನ್ನಷ್ಟೇ ಆರಿಸಿಕೊಳ್ಳಿ ಎಂದು ಕೋಬಿಟ್ 2019 ತಾನೇ ಹೇಳುತ್ತದೆ. ಪ್ರಮಾಣಪತ್ರದ ಬಗ್ಗೆಯೂ ಒಂದು ಮಾತು: ಐಟಿಐಎಲ್ ಪ್ರಮಾಣಪತ್ರ ಸಿಗುವುದು ಪರೀಕ್ಷೆ ಬರೆದ ವ್ಯಕ್ತಿಗೆ. ಸೇವಾ ನಿರ್ವಹಣೆಗೆ ಸಂಸ್ಥೆಯ ಹೆಸರಲ್ಲೇ ಪ್ರಮಾಣಪತ್ರ ಬೇಕಿದ್ದರೆ ನೋಡಬೇಕಾದ್ದು ಐಎಸ್ಒ/ಐಇಸಿ 20000.

ಮೂರು ವರ್ಷದ ಯೋಜನೆಯೋ, ಮೂರು ತಿಂಗಳದ್ದೋ?

ಇದಕ್ಕೆ ಹೆಚ್ಚು ಮಾತು ಬೇಡ. ದಿಕ್ಕು ಮೂರು ವರ್ಷದ್ದಿರಲಿ, ಹಣದ ಬಿಡುಗಡೆ ಮೂರು ತಿಂಗಳದ್ದಿರಲಿ. ಡೇಟಾ ಸೆಂಟರ್, ನೆಟ್‌ವರ್ಕ್, ಎಲ್ಲ ವಿಭಾಗಗಳ ಕೆಲಸವನ್ನೂ ಒಂದೇ ತಂತ್ರಾಂಶಕ್ಕೆ ತರುವ ಇಆರ್‌ಪಿಯಂಥ ದೊಡ್ಡ ಬದಲಾವಣೆಗಳು ದೂರದ ಯೋಜನೆ ಕೇಳುತ್ತವೆ. ಅವುಗಳ ಒಪ್ಪಂದಗಳೇ ವರ್ಷಗಟ್ಟಲೆಯವು. ಉಳಿದ ಅಪ್ಲಿಕೇಶನ್‌ಗಳಿಗೆ ವರ್ಷದ ಆರಂಭದಲ್ಲೇ ಪೂರ್ತಿ ಬಜೆಟ್ ಬರೆದುಕೊಟ್ಟರೆ, ಯಾರಿಗೂ ಬೇಡವಾದ ಫೀಚರ್ ಕೂಡ ಬಜೆಟ್‌ನಲ್ಲಿದೆ ಎಂಬ ಒಂದೇ ಕಾರಣಕ್ಕೆ ತಯಾರಾಗುತ್ತದೆ. ಮೂರು ತಿಂಗಳಿಗೊಮ್ಮೆ ಕೂತು ‘ಇದನ್ನು ನಿಲ್ಲಿಸೋಣವೇ’ ಎಂದು ಕೇಳುವ ಹಕ್ಕು ಒಬ್ಬರಿಗೆ ಇರಬೇಕು. ನಿಲ್ಲಿಸಿದ್ದಕ್ಕೆ ಅವರನ್ನು ಯಾರೂ ದೂರಬಾರದು.

ಹಂತಹಂತವಾಗಿ ಕಟ್ಟುವುದೋ, ಸುತ್ತುಸುತ್ತಾಗಿ ಕಟ್ಟುವುದೋ?

ಮೊದಲು ಎಲ್ಲ ಅಗತ್ಯ ಬರೆದು, ವಿನ್ಯಾಸ ಮಾಡಿ, ಕೋಡ್ ಬರೆದು, ಕೊನೆಗೆ ಪರೀಕ್ಷಿಸುವ ಕ್ರಮಕ್ಕೆ ವಾಟರ್‌ಫಾಲ್ ಎಂದು ಹೆಸರು. ಇದರ ಮೂಲ ಎಂದು ಎಲ್ಲರೂ ತೋರಿಸುವುದು ವಿನ್‌ಸ್ಟನ್ ರಾಯ್ಸ್ ಅವರ 1970ರ ಪ್ರಬಂಧವನ್ನು. ಆ ಪ್ರಬಂಧದಲ್ಲಿ ವಾಟರ್‌ಫಾಲ್ ಎಂಬ ಪದವೇ ಇಲ್ಲ. ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಂಡು ಒಂದೇ ಸಲಕ್ಕೆ ಮುಗಿಸಲು ಹೊರಡುವುದು ಅಪಾಯಕಾರಿ, ಸೋಲನ್ನು ಕರೆದುಕೊಳ್ಳುತ್ತದೆ ಎಂದು ರಾಯ್ಸ್ ಅದರಲ್ಲೇ ಎಚ್ಚರಿಸಿದ್ದರು. ಜನ ಚಿತ್ರ ನೋಡಿದರು, ಕೆಳಗಿನ ಸಾಲು ಓದಲಿಲ್ಲ. ಇನ್ನೊಂದು ತುದಿಯಲ್ಲಿ, 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ನಾಲ್ಕು ಮೌಲ್ಯ, 12 ತತ್ವಗಳ ಅಜೈಲ್ ಪ್ರಣಾಳಿಕೆ ಬರೆದರು. ಅದನ್ನೂ ಅನೇಕರು ‘ದಾಖಲೆ ಬೇಡ, ಯೋಜನೆ ಬೇಡ’ ಎಂದು ಓದಿಕೊಂಡರು. ಅದರಲ್ಲಿ ಹಾಗೆಂದು ಎಲ್ಲೂ ಇಲ್ಲ.

ಎರಡನ್ನೂ ಒಂದೇ ಸಂಸ್ಥೆ, ಒಂದೇ ಉದ್ದೇಶಕ್ಕೆ ಬಳಸಿ ನೋಡಿದ ಕಥೆ ಬೇಕಿದ್ದರೆ ಅಮೆರಿಕದ ಎಫ್‌ಬಿಐ ಇದೆ. ತನಿಖೆಯ ಕಡತಗಳನ್ನು ಕಾಗದದಿಂದ ಕಂಪ್ಯೂಟರ್‌ಗೆ ತರುವ ಅವರ ಮೊದಲ ಪ್ರಯತ್ನ, ವರ್ಚುವಲ್ ಕೇಸ್ ಫೈಲ್, ಸುಮಾರು 17 ಕೋಟಿ ಡಾಲರ್ ವೆಚ್ಚದ ಬಳಿಕ 2005ರಲ್ಲಿ ಕೈಬಿಟ್ಟುಹೋಯಿತು. 2006ರಲ್ಲಿ ಸೆಂಟಿನೆಲ್ ಎಂಬ ಹೊಸ ಪ್ರಾಜೆಕ್ಟನ್ನು ನಾಲ್ಕು ಹಂತಗಳಲ್ಲಿ ಮುಗಿಸಲು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟರು. ಅದೂ ತಡವಾಗುತ್ತ ಹೋದಾಗ 2010ರಲ್ಲಿ ಎಫ್‌ಬಿಐ ಕೆಲಸವನ್ನು ತಾನೇ ಕೈಗೆತ್ತಿಕೊಂಡು, ಚಿಕ್ಕ ತಂಡದಿಂದ ಅಜೈಲ್ ಕ್ರಮದಲ್ಲಿ ಮುಂದುವರಿಸಿತು. 2012ರ ಜುಲೈನಲ್ಲಿ ಸಿಸ್ಟಮ್ ಬಳಕೆಗೆ ಬಂತು. ಇದನ್ನು ‘ಅಜೈಲ್ ಗೆದ್ದಿತು’ ಎಂದು ಹೇಳುವವರಿದ್ದಾರೆ. ನನಗೆ ಕಾಣುವುದು ಬೇರೆ: 2010ರಲ್ಲಿ ವಿಧಾನದ ಜೊತೆಗೆ ತೀರ್ಮಾನದ ಜಾಗವೂ ಬದಲಾಯಿತು. ಕೆಲಸ ಮಾಡಿಸಿಕೊಳ್ಳುವವರೂ ಕೆಲಸ ಮಾಡುವವರೂ ಒಂದೇ ಕೋಣೆಗೆ ಬಂದರು.

ಅಗತ್ಯ ಸ್ಪಷ್ಟವಿದ್ದು ಬದಲಾಗುವುದಿಲ್ಲ ಎಂಬ ಖಾತರಿ ಇದ್ದರೆ, ಕಾನೂನು ದಿನಾಂಕ ಗೊತ್ತುಮಾಡಿದ್ದರೆ, ಯಂತ್ರೋಪಕರಣದ ಜೊತೆ ಕೆಲಸವಿದ್ದರೆ ಹಂತಹಂತದ ಕ್ರಮವೇ ಒಳ್ಳೆಯದು. ಬಳಕೆದಾರರು ತೆರೆ ಮೇಲೆ ನೋಡುವವರೆಗೆ ತಮಗೇನು ಬೇಕೆಂದು ಹೇಳಲಾರರು ಎನ್ನುವ ಕಡೆ ಅಜೈಲ್. ಆದರೆ ಅಜೈಲ್‌ಗೆ ಪ್ರಾಡಕ್ಟ್ ಓನರ್ ಆಗಿ, ಅಂದರೆ ಬಳಕೆದಾರರ ಪರವಾಗಿ, ಕೂರುವವರಿಗೆ ‘ಇದು ಬೇಕು, ಅದು ಬೇಡ’ ಎಂದು ಅಲ್ಲೇ ಹೇಳುವ ಅಧಿಕಾರ ಇರಬೇಕು. ಪ್ರತಿ ಪ್ರಶ್ನೆಗೂ ‘ಮೇಲಿನವರನ್ನು ಕೇಳಿ ಹೇಳುತ್ತೇನೆ’ ಎನ್ನುವವರನ್ನು ಕೂರಿಸಿದರೆ ಎರಡು ವಾರದ ಒಂದು ಸುತ್ತಿನಲ್ಲಿ, ಅಂದರೆ ಸ್ಪ್ರಿಂಟ್‌ನಲ್ಲಿ ಹತ್ತು ದಿನ ಕಾಯುವುದರಲ್ಲೇ ಹೋಗುತ್ತದೆ. ಅಂಥ ಕಡೆ ಅಜೈಲ್ ತರುವ ಮೊದಲು ಆ ಕುರ್ಚಿಯನ್ನು ಸರಿಮಾಡಿ.

ಕೊಳ್ಳುವುದೋ, ಕಟ್ಟುವುದೋ?

ಸಂಸ್ಥೆಗಳು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲೇ ಎಂದು ನನ್ನ ನಂಬಿಕೆ. ‘ಮನೆ ಕಟ್ಟಿ ನೋಡು’ ಎಂಬ ಮಾತು ಸಾಫ್ಟ್‌ವೇರ್‌ಗೂ ಅನ್ವಯಿಸುತ್ತದೆ. ಆದರೆ ಕೊಂಡ ಮನೆಯ ಗೋಡೆಗಳನ್ನೆಲ್ಲ ಒಡೆದು ಮತ್ತೆ ಕಟ್ಟುವುದು ಅದಕ್ಕಿಂತ ದುಬಾರಿ.

ಜರ್ಮನಿಯ ಸೂಪರ್‌ಮಾರ್ಕೆಟ್ ಸಂಸ್ಥೆ ಲಿಡ್ಲ್ 2011ರಲ್ಲಿ ಎಸ್‌ಎಪಿ ಕಂಪನಿಯ ಸಿದ್ಧ ತಂತ್ರಾಂಶದ ಮೇಲೆ ಹೊಸ ಸರಕು ನಿರ್ವಹಣಾ ಸಿಸ್ಟಮ್ ಶುರು ಮಾಡಿತು. ಏಳು ವರ್ಷದ ನಂತರ, 2018ರಲ್ಲಿ, ಅದನ್ನು ನಿಲ್ಲಿಸಿತು. ಪತ್ರಿಕಾ ವರದಿಗಳ ಅಂದಾಜಿನಂತೆ ಖರ್ಚು ಸುಮಾರು 50 ಕೋಟಿ ಯೂರೋ. ವರದಿಯಾದ ಒಂದು ಕಾರಣ ಕೇಳಲು ಸಣ್ಣದು: ಲಿಡ್ಲ್ ತನ್ನ ದಾಸ್ತಾನಿನ ಬೆಲೆಯನ್ನು ಕೊಂಡ ದರದಲ್ಲಿ ಲೆಕ್ಕ ಹಾಕುತ್ತಿತ್ತು, ಆ ತಂತ್ರಾಂಶದ ಮೂಲ ರೂಪ ಮಾರುವ ದರದಲ್ಲಿ ಲೆಕ್ಕ ಹಾಕುತ್ತಿತ್ತು. ಸಂಸ್ಥೆ ತನ್ನ ರೀತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ಬಗ್ಗಿಸಲು ಹೊರಟಿತು. ಒಂದು ಕಡೆ ಬಗ್ಗಿಸಿದರೆ ಇನ್ನೊಂದು ಕಡೆ ಸಿಡಿಯುತ್ತದೆ.

ಇಲ್ಲಿ ಕೇಳಬೇಕಾದ್ದು: ಈ ಕೆಲಸದಲ್ಲಿ ನಾವು ಬೇರೆಯವರಿಗಿಂತ ಬೇರೆಯಾಗಿರುವುದರಿಂದ ನಮಗೇನು ಸಿಗುತ್ತಿದೆ? ಸಂಬಳ, ರಜೆ, ಲೆಡ್ಜರ್, ಇಮೇಲ್ ಇವುಗಳಲ್ಲಿ ಬೇರೆಯಾಗಿರುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಅಲ್ಲಿ ಕೊಳ್ಳಿ, ಸಾಫ್ಟ್‌ವೇರ್ ಹೇಗಿದೆಯೋ ಹಾಗೆ ನಿಮ್ಮ ಕೆಲಸದ ರೀತಿಯನ್ನು ಬದಲಿಸಿಕೊಳ್ಳಿ. ಜನ ನಿಮ್ಮ ಬಳಿಗೇ ಬರಲು ಕಾರಣವಾದ ಕೆಲಸ ಯಾವುದೋ ಅದಕ್ಕೆ ಕಟ್ಟಿ. ಕಟ್ಟಿದ್ದನ್ನು ನೋಡಿಕೊಳ್ಳುವ ಜನ ಐದು ವರ್ಷ ನಿಮ್ಮಲ್ಲೇ ಇರುತ್ತಾರೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಕೊಳ್ಳುವವರು ಎರಡು ಪದಗಳ ನಡುವಿನ ವ್ಯತ್ಯಾಸ ಹಿಡಿದುಕೊಳ್ಳಬೇಕು. ಸಾಫ್ಟ್‌ವೇರ್ ತಾನೇ ಕೊಟ್ಟ ಸೆಟ್ಟಿಂಗ್‌ಗಳಲ್ಲಿ ನಮಗೆ ಬೇಕಾದ್ದನ್ನು ಆರಿಸುವುದು ಕಾನ್ಫಿಗರೇಶನ್. ಅದರ ಕೋಡನ್ನೇ ನಮಗಾಗಿ ತಿದ್ದಿಸುವುದು ಕಸ್ಟಮೈಸೇಶನ್. ಮೊದಲನೆಯದು ಹೊಸ ಆವೃತ್ತಿ ಬಂದಾಗಲೂ ಸಾಮಾನ್ಯವಾಗಿ ಉಳಿಯುತ್ತದೆ, ಎರಡನೆಯದನ್ನು ಪ್ರತಿ ಸಲವೂ ಮತ್ತೆ ಪರೀಕ್ಷಿಸಬೇಕು, ಎಷ್ಟೋ ಸಲ ಮತ್ತೆ ಬರೆಸಬೇಕು. ವೆಂಡರ್ ಡೆಮೊದಲ್ಲಿ ‘ಅದನ್ನೂ ಮಾಡಿಕೊಡುತ್ತೇವೆ’ ಎಂದಾಗ ಈ ಎರಡರಲ್ಲಿ ಯಾವುದು ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ. ಕ್ಲೌಡ್ ಸೇವೆಯಾದರೆ ಸಹಿ ಹಾಕುವ ಮುನ್ನ ಇನ್ನೊಂದು ಕೆಲಸ ಮಾಡಿ: ಒಂದು ದಿನದ ಪೂರ್ತಿ ಡೇಟಾವನ್ನು ಹೊರಗೆ ಇಳಿಸಿಕೊಡಿ ಎನ್ನಿ. ಆ ಫೈಲನ್ನು ನಿಮ್ಮವರು ತೆರೆದು ಓದಲು ಆಗದಿದ್ದರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಬಿಟ್ಟುಬರುವ ದಾರಿ ಅಲ್ಲಿಲ್ಲ. ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ಮತ್ತು ಲೋ-ಕೋಡ್ (ಹೆಚ್ಚು ಕೋಡ್ ಬರೆಯದೆ ಕಟ್ಟುವ) ಆಯ್ಕೆಗಳಿಗೂ ಇದೇ ಪರೀಕ್ಷೆ ಸಾಕು.

ಒಂದೇ ರಾತ್ರಿಗೋ, ಸ್ವಲ್ಪಸ್ವಲ್ಪವಾಗಿಯೋ?

ಹಳೆಯದನ್ನು ನಿಲ್ಲಿಸಿ ಹೊಸದಕ್ಕೆ ಹೋಗುವಾಗ ಎಲ್ಲರನ್ನೂ ಒಂದೇ ವಾರಾಂತ್ಯದಲ್ಲಿ ದಾಟಿಸುವ ಬಿಗ್ ಬ್ಯಾಂಗ್ ಒಂದು, ಗುಂಪುಗುಂಪಾಗಿ ದಾಟಿಸುವುದು ಇನ್ನೊಂದು. ಮೊದಲನೆಯದರ ಆಕರ್ಷಣೆ ನನಗೆ ಅರ್ಥವಾಗುತ್ತದೆ: ಎರಡು ಸಿಸ್ಟಮ್‌ಗಳನ್ನು ಒಟ್ಟಿಗೆ ನಡೆಸುವ ಖರ್ಚು ತಪ್ಪುತ್ತದೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ತನ್ನ ಗ್ರಾಹಕರನ್ನು ಬಹುಪಾಲು ಒಂದೇ ಸಲಕ್ಕೆ ಹೊಸ ವೇದಿಕೆಗೆ ದಾಟಿಸಿತು. ಡೇಟಾ ದಾಟಿತು, ವೇದಿಕೆ ಭಾರ ತಾಳಲಿಲ್ಲ. ಸುಮಾರು 19 ಲಕ್ಷ ಜನ ತಮ್ಮ ಖಾತೆಗೇ ಹೋಗಲಾಗದೆ ಉಳಿದರು. 2022ರಲ್ಲಿ ನಿಯಂತ್ರಕರು ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ವಿಧಿಸಿದರು. ಮರುವರ್ಷ, ಆಗ ಮುಖ್ಯ ಮಾಹಿತಿ ಅಧಿಕಾರಿಯಾಗಿದ್ದವರಿಗೂ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು, ಹೊರಗುತ್ತಿಗೆಯ ಮೇಲ್ವಿಚಾರಣೆ ಸಾಕಷ್ಟಿರಲಿಲ್ಲ ಎಂಬ ಕಾರಣಕ್ಕೆ. ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಕೊಡಲಾಗುವುದಿಲ್ಲ.

ಸ್ವಲ್ಪಸ್ವಲ್ಪವಾಗಿ ದಾಟಿಸುವುದೇ ನನ್ನ ಆಯ್ಕೆ. ಆದರೆ ಅದಕ್ಕೂ ಶಿಸ್ತು ಬೇಕು. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ 2012ರಲ್ಲಿ ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕುವಾಗ ಒಂದು ಸರ್ವರ್ ತಪ್ಪಿಹೋಯಿತು. ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಅಲ್ಲಿರಲಿಲ್ಲ. ಆಗಸ್ಟ್ 1ರಂದು ಮಾರುಕಟ್ಟೆ ತೆರೆದಾಗ ಆ ಒಂದು ಸರ್ವರ್‌ನಲ್ಲಿ ಉಳಿದಿದ್ದ ಹಳೆಯ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ ಆದ ವಹಿವಾಟಿನಿಂದ ಬಂದ ನಷ್ಟ 44 ಕೋಟಿ ಡಾಲರ್‌ಗೂ ಹೆಚ್ಚು. ಆ ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಮೊದಲೇ ಅದೇ ದೋಷವನ್ನು ಹೆಸರಿಸಿದ 97 ಸ್ವಯಂಚಾಲಿತ ಇಮೇಲ್‌ಗಳು ಸಿಬ್ಬಂದಿಯ ಒಂದು ಗುಂಪಿಗೆ ಹೋಗಿದ್ದವು. ಅವನ್ನು ಎಚ್ಚರಿಕೆಯೆಂದು ನೋಡುವ ಹೊಣೆ ಯಾರದೂ ಆಗಿರಲಿಲ್ಲ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ ನಾನು ಹೇಳುವುದು ಒಂದು ಹಾಳೆಯ ಕೆಲಸ. ಕಳೆದ ಆರು ತಿಂಗಳಲ್ಲಿ ನಿಮ್ಮಲ್ಲಿ ಆದ ಹತ್ತು ಐಟಿ ತೀರ್ಮಾನಗಳನ್ನು ಬರೆಯಿರಿ. ಎದುರಿಗೆ ಮೂರು ಮನೆ: ತೀರ್ಮಾನ ಮಾಡಿದವರು ಯಾರು, ಮಾಡಬೇಕಿದ್ದವರು ಯಾರು, ವಾಪಸ್ ಹೋಗಬೇಕೆಂದರೆ ಎಷ್ಟು ದಿನ. ಮೊದಲ ಎರಡು ಮನೆಗಳಲ್ಲಿ ಹೆಸರು ಬೇರೆಬೇರೆ ಇದ್ದು, ಮೂರನೆಯದರಲ್ಲಿ ‘ಆಗುವುದಿಲ್ಲ’ ಎಂದು ಬಂದ ಸಾಲುಗಳನ್ನು ಮೊದಲು ಕೈಗೆತ್ತಿಕೊಳ್ಳಿ. ಆ ಮೂರು ಎಕ್ಸೆಲ್ ಶೀಟುಗಳ ಸಂಸ್ಥೆಯಲ್ಲಿ ಹಾಗೆ ಉಳಿದದ್ದು ನಾಲ್ಕೇ ಸಾಲು. ಮೊದಲನೆಯ ಸಾಲಿನಲ್ಲಿ ಇದ್ದದ್ದು ‘ಗ್ರಾಹಕ’ ಎಂಬ ಪದ. ಅದರ ಅರ್ಥ ಗೊತ್ತುಮಾಡುವ ಹೊಣೆ ಮಾರಾಟದ ಮುಖ್ಯಸ್ಥರದು ಎಂದು ಬರೆದು ಮೂರೂ ವಿಭಾಗದವರು ಸಹಿ ಹಾಕಿದರು. ನಾಲ್ಕನೆಯ ಸಾಫ್ಟ್‌ವೇರ್ ಕೊಳ್ಳುವ ಮಾತು ಆಮೇಲೆ ಬರಲಿಲ್ಲ.